ನಮ್ಮ ಮನೆಯ ನೃತ್ಯಶಾಲೆ

ಹಳೆಯ ವಿಡಿಯೊ ಕ್ಯಾಸೆಟ್ಟಿಗೆ ಒಂದು ವಾಸನೆ ಇರುತ್ತದೆ. ಕಾದ ಪ್ಲಾಸ್ಟಿಕ್ಕು, ಧೂಳು, ಬಹಳ ದಿನ ಮುಚ್ಚಿಟ್ಟ ಪೆಟ್ಟಿಗೆಯ ಮುಗ್ಗಲು. ನಮ್ಮ ಮನೆಯ ಕ್ಯಾಸೆಟ್ಟುಗಳಿಗೆ ಇವುಗಳ ಜೊತೆ ಸೋಂಪಿನ ವಾಸನೆಯೂ ಇದೆ. ನಮ್ಮ ಯಜಮಾನರು ಊಟವಾದ ಮೇಲೆ ಸೋಂಪು ಅಗಿಯುತ್ತ, ಅದೇ ಕೈಯಲ್ಲಿ ಸಿಕ್ಕಿದ್ದನ್ನೆಲ್ಲ ಮುಟ್ಟುತ್ತಿದ್ದರು. ಕೈ ತೊಳೆದುಕೊಳ್ಳಿ ಎಂದು ಎಷ್ಟು ಸಲ ಹೇಳಿದರೂ ಕೇಳಲಿಲ್ಲ. ಅವರು ಹೋಗಿ ಇಷ್ಟು ವರ್ಷವಾದರೂ ವಾಸನೆ ಹೋಗಿಲ್ಲ. ಅದೂ ಅವರ ಹಾಗೆಯೇ, ಹೇಳಿದ ಮಾತು ಕೇಳುವ ಜಾತಿಯಲ್ಲ.

ಹೋದ ಶನಿವಾರ ಅಮೆರಿಕಾದ ಆಲ್ಡಿ ಎಂಬ ಊರಿನಲ್ಲಿರುವ ಮಗಳ ಮನೆಯ ಬೇಸ್‌ಮೆಂಟಿಗೆ ಹೊಸ ಕಾರ್ಪೆಟ್ ಹಾಕಿಸಲು ಎಲ್ಲವನ್ನೂ ಖಾಲಿ ಮಾಡುತ್ತಿದ್ದೆವು. ನಾನೀಗ ಇರುವುದು ಅವಳ ಜೊತೆಗೇ. ಮೂಲೆಯ ರಟ್ಟಿನ ಪೆಟ್ಟಿಗೆ ತೆರೆದಾಗ ಆ ವಾಸನೆ ಬಂತು.

"ಅಮ್ಮ, ಇದನ್ನ ಯಾರೂ ತಗೊಳಲ್ಲ. ಲೈಬ್ರರಿ ಕೂಡ ಬೇಡ ಅನ್ನತ್ತೆ. ಟ್ರ್ಯಾಶ್ ಮಾಡ್ಲಾ?" ಎಂದಳು ಮಗಳು. ಆಮೇಲೆ ಒಂದನ್ನು ಎತ್ತಿ ಬೆಳಕಿಗೆ ಹಿಡಿದು, "ವಾಟ್ ಡಸ್ ಇಟ್ ಸೇ?" ಎಂದು ಕೇಳಿದಳು. ಅವಳಿಗೆ ಕನ್ನಡ ಮಾತಾಡಲು ಬರುತ್ತದೆ, ಓದಲು ಬರುವುದಿಲ್ಲ.

ಕ್ಯಾಸೆಟ್ಟಿನ ಬೆನ್ನಿನ ಮೇಲೆ ಅವಳಪ್ಪನ ದುಂಡನೆಯ ಅಕ್ಷರದಲ್ಲಿ 'ನೃತ್ಯಶಾಲೆ' ಎಂದಿತ್ತು.

ಓದಿ ಹೇಳಿದೆ. "ಅಪ್ಪ ಡ್ಯಾನ್ಸ್ ಕಲೀತಿದ್ರಾ?" ಎಂದು ಬೆರಗಾಗಿ ಕೇಳಿದಳು. ನನಗೆ ನಗು ಬರಬೇಕಾಗಿತ್ತು, ಬಂದದ್ದು ಸಿಟ್ಟು. ಸತ್ತವರ ಮೇಲೆ ಸಿಟ್ಟು ಮಾಡಬಾರದು ಎನ್ನುತ್ತಾರೆ. ಹಾಗೆನ್ನುವವರು ನಮ್ಮ ಯಜಮಾನರ ಜೊತೆ ಕೂತು ಒಂದು ಸಿನಿಮಾ ನೋಡಬೇಕಾಗಿತ್ತು.

ತೊಂಬತ್ತರ ದಶಕದ ಮಾತು ಇದು. ಅವರಿಗೆ ಹಾಲಿವುಡ್ಡಿನ ಹಳೆಯ ಸಿನಿಮಾಗಳ ಹುಚ್ಚಿತ್ತು. ಹಳೆಯದು ಎಂದರೆ ನೀವು ಅಂದುಕೊಳ್ಳುವಷ್ಟು ಹಳೆಯದಲ್ಲ, ಅದಕ್ಕಿಂತ ಹಳೆಯದು. ಸಿನಿಮಾ ಆಗಷ್ಟೇ ಮಾತು ಕಲಿತ ಕಾಲದ್ದು. ಮೈಕನ್ನು ಹೂದಾನಿಯಲ್ಲೋ ದೀಪದ ಬುಡದಲ್ಲೋ ಬಚ್ಚಿಡುತ್ತಿದ್ದರಂತೆ. ಹಾಗಾಗಿ ನಾಯಕ ನಾಯಕಿಗೆ 'ನಿನ್ನನ್ನು ಪ್ರೀತಿಸುತ್ತೇನೆ' ಎನ್ನುವಾಗ ಅವಳ ಮುಖ ಬಿಟ್ಟು ಹೂದಾನಿಗೇ ಹೇಳಿದ ಹಾಗಿರುತ್ತಿತ್ತು. ಎಲ್ಲದರ ಹಿಂದೆಯೂ ಯಾರೋ ಅವಲಕ್ಕಿ ಹುರಿಯುತ್ತಿರುವ ಹಾಗೆ ಚರಪರ ಸದ್ದು.

ಆ ಸಿನಿಮಾಗಳಲ್ಲೂ ಎಲ್ಲವೂ ಅವರಿಗೆ ಬೇಕಿರಲಿಲ್ಲ. ಟ್ಯಾಕ್ಸಿ ಡ್ಯಾನ್ಸ್ ಹಾಲ್ ಇರುವುದೇ ಬೇಕು. ಅದೇನೆಂದು ನಿಮಗೆ ಹೇಳಿಬಿಡುತ್ತೇನೆ. ಒಂದು ದೊಡ್ಡ ಹಾಲ್, ಗೋಡೆಯುದ್ದಕ್ಕೂ ಬೆಂಚು, ಬೆಂಚಿನ ಮೇಲೆ ಹುಡುಗಿಯರು. ಬರುವ ಗಂಡಸರು ಬಾಗಿಲಲ್ಲಿ ಟಿಕೆಟ್ ಕೊಳ್ಳುತ್ತಾರೆ. ಟಿಕೆಟ್ ಯಾವ ಹುಡುಗಿಯ ಕೈಗೆ ಬೀಳುತ್ತದೋ ಅವಳು ಒಂದು ಹಾಡು ಮುಗಿಯುವ ತನಕ ಆ ಗಂಡಸಿನ ಜೊತೆ ಕುಣಿಯಬೇಕು. ಬೆವರುವವನಾಗಲಿ, ಕಾಲು ತುಳಿಯುವವನಾಗಲಿ, ಕುಡಿದು ತೂರಾಡುವವನಾಗಲಿ, ಇಲ್ಲ ಎನ್ನುವ ಹಾಗಿಲ್ಲ. ಬಾಡಿಗೆ ಟ್ಯಾಕ್ಸಿಯ ಹಾಗೆ, ಕೈ ತೋರಿಸಿದವರ ಜೊತೆ ಹೋಗಬೇಕು. ಟಿಕೆಟ್ಟಿನ ಅರ್ಧ ಡ್ಯಾನ್ಸ್ ಹಾಲಿನ ಮಾಲೀಕನಿಗೆ, ಅರ್ಧ ಹುಡುಗಿಗೆ.

ಇಷ್ಟು ನನಗೆ ಈಗ ಗೊತ್ತು. ಆಗ ನನಗೆ ಗೊತ್ತಿದ್ದದ್ದು, ಅದೊಂದು ಡ್ಯಾನ್ಸ್ ಸ್ಕೂಲು ಎಂದು. ಹಾಗೆಂದು ಹೇಳಿದವರು ಅವರು.

ನಾನು ಪಿಯುಸಿವರೆಗೆ ಕನ್ನಡದಲ್ಲೇ ಓದಿದವಳು. ಅಂಗಡಿಯಲ್ಲಿ ಹಾಲು, ಮೊಸರು ಕೇಳುವಷ್ಟು ಇಂಗ್ಲಿಷ್ ಬಿಟ್ಟರೆ ಬೇರೇನೂ ಬರುತ್ತಿರಲಿಲ್ಲ. ನಾವು ಅಟ್ಲಾಂಟಾದಿಂದ ಕ್ಯಾರಿ ಎಂಬ ಊರಿಗೆ ಬಂದ ವರ್ಷ ನಮ್ಮತ್ತೆ ಮೈಸೂರಿನಿಂದ ಆರು ತಿಂಗಳಿಗೆಂದು ಬಂದಿದ್ದರು. ಶನಿವಾರ ಮಧ್ಯಾಹ್ನ ಟಿವಿಯಲ್ಲಿ ಇಂಥ ಸಿನಿಮಾ ಬರುತ್ತಿತ್ತು. ಇವರು ಒಂದು ಕಡೆ ರೆಕಾರ್ಡ್ ಮಾಡುತ್ತ, ಇನ್ನೊಂದು ಕಡೆ ನಮಗಿಬ್ಬರಿಗೂ ಕನ್ನಡದಲ್ಲಿ ಹೇಳುತ್ತ ಕೂರುವರು. ರೆಕಾರ್ಡ್ ಬಟನ್ ಒತ್ತುವುದನ್ನು ಪ್ರತಿ ಸಲವೂ ಮರೆಯುತ್ತಿದ್ದರಿಂದ ಯಾವ ಸಿನಿಮಾಕ್ಕೂ ಮೊದಲಿಲ್ಲ. ಮಗಳು ಆಗ ಚಿಕ್ಕವಳು. ಸಿನಿಮಾ ಶುರುವಾಗುವ ಹೊತ್ತಿಗೆ ಅವಳನ್ನು ಪಕ್ಕದ ಮನೆಗೆ ಆಡಲು ಕಳಿಸಿಬಿಡುತ್ತಿದ್ದರು. ಯಾಕೆಂದು ನಾನು ಕೇಳಲಿಲ್ಲ.

ಅಮ್ಮನ ಎದುರು ಹೇಗೆ ಹೇಳುವುದು ಎಂಬ ಸಂಕೋಚದಿಂದಲೇ ಮೊದಲಾಗಿರಬೇಕು. ಡ್ಯಾನ್ಸ್ ಹಾಲ್ ನೃತ್ಯಶಾಲೆಯಾಯಿತು. ಹುಡುಗಿಯರು ಮೇಡಂಗಳಾದರು. ಟಿಕೆಟ್ಟು ಫೀಸಾಯಿತು. ಕುಡಿದು ಬಂದ ನಾವಿಕರು ಹೊಸದಾಗಿ ಸೇರಿದ ಶಿಷ್ಯರು. ಯಾರೋ ದಾಂಡಿಗ ಹುಡುಗಿಯ ರಟ್ಟೆ ಹಿಡಿದೆಳೆದರೆ, "ಫೀಸ್ ಕಟ್ಟಿದ್ದೀನಿ ಅಂತಾನೆ ಅವನು, ಕಟ್ಟಿಲ್ಲ ಅಂತಾಳೆ ಇವಳು" ಎನ್ನುವರು. ಮುತ್ತು ಕೊಡುವ ಹೊತ್ತಿಗೆ ಸರಿಯಾಗಿ ಎದ್ದು, "ಆಂಟೆನಾ ಸ್ವಲ್ಪ ಸರಿ ಮಾಡ್ತೀನಿ ತಾಳು" ಎಂದು ಟಿವಿಗೆ ಅಡ್ಡ ನಿಲ್ಲುವರು. ಅವರ ಬೆನ್ನು ಸರಿಯುವಷ್ಟರಲ್ಲಿ ಬೇರೆ ದೃಶ್ಯ ಬಂದಿರುತ್ತಿತ್ತು. ಅಮೆರಿಕಾದ ಸಿನಿಮಾ ಎಂದರೆ ನನಗೆ ಇಂದಿಗೂ ಮೊದಲು ನೆನಪಾಗುವುದು ಅವರ ಬನಿಯನ್ನಿನ ಬೆನ್ನು.

ನಮ್ಮತ್ತೆ ಬಹಳ ಗಮನವಿಟ್ಟು ನೋಡುತ್ತಿದ್ದರು. "ಏನೋ ಇದು ಸ್ಕೂಲು? ಒಂದು ಪಾಠವಾದ್ರೂ ಮುಗಿಯತ್ತಾ? ಶುರು ಮಾಡೋದ್ರೊಳಗೆ ಗಂಟೆ ಹೊಡೀತಾರೆ."

"ಇಲ್ಲಿ ಪೀರಿಯಡ್ ಚಿಕ್ಕದಮ್ಮ."

"ಅಷ್ಟು ದಿನದಿಂದ ಬರ್ತಿದ್ದಾನೆ ಆ ದಪ್ಪನೆಯವನು, ಒಂದು ಹೆಜ್ಜೆ ಬರ್ಲಿಲ್ಲ. ಮೇಡಮ್ಮಿನ ಕಾಲೇ ತುಳೀತಾನೆ. ಪಾಪ, ಅವಳಿಗೊಂಚೂರು ಕೂತ್ಕೊಳ್ಳೋಕೆ ಹೇಳೋ."

"ನಾನು ಹೇಳಿದ್ರೆ ಅವಳಿಗೆ ಕೇಳ್ಸತ್ತಾ?"

"ಮತ್ತೆ ಅವಳು ಹೇಳಿದ್ದು ನಿನಗೆ ಕೇಳ್ಸತ್ತಲ್ಲ?"

ಯುಗಾದಿಗೆ ಕ್ಯಾರಿಯ ಕನ್ನಡದವರೆಲ್ಲ ಒಬ್ಬರ ಮನೆಯಲ್ಲಿ ಊಟಕ್ಕೆ ಸೇರಿದ್ದೆವು. ನಮ್ಮತ್ತೆ ಅಲ್ಲಿ ಹೆಂಗಸರ ಮಧ್ಯೆ ಕೂತು, ಈ ದೇಶದಲ್ಲಿ ಡ್ಯಾನ್ಸ್ ಮೇಡಂಗಳ ಪಾಡು ಯಾರಿಗೂ ಬೇಡ, ಕಂಡಕಂಡ ಶಿಷ್ಯರೆಲ್ಲ ಸೊಂಟ ಹಿಡಿದುಕೊಂಡೇ ಕಲಿಯುತ್ತಾರೆ ಎಂದು ಸವಿಸ್ತಾರವಾಗಿ ಹೇಳಿದರು. ಪಕ್ಕದ ಸಾಲಿನಲ್ಲಿದ್ದ ಒಬ್ಬ ಹಿರಿಯರಿಗೆ ಒಬ್ಬಟ್ಟು ನೆತ್ತಿಗೇರಿತು. ನಮ್ಮ ಯಜಮಾನರು ನೀರು ತರುತ್ತೇನೆ ಎಂದು ಹೋದವರು ಊಟ ಮುಗಿಯುವವರೆಗೂ ತಿರುಗಿ ಬರಲಿಲ್ಲ. ಯಾಕೆಂದು ನನಗೆ ಆಗ ಹೊಳೆಯಲಿಲ್ಲ.

ಅತ್ತೆ ಊರಿಗೆ ಹೋದರು. ನಾನು ಮನೆಯಲ್ಲಿ ಒಬ್ಬಳೇ. ನನಗೆ ಕಾರು ಬರುತ್ತಿರಲಿಲ್ಲ, ಕ್ಯಾರಿಯಲ್ಲಿ ಕಾರು ಬರದವರಿಗೆ ಅಂಗಳದಾಚೆ ಊರಿಲ್ಲ. ಮಗಳು ಸ್ಕೂಲಿಗೆ, ಇವರು ಆಫೀಸಿಗೆ. ಹಗಲು ಮುಗಿಯುತ್ತಲೇ ಇರಲಿಲ್ಲ. ಒಂದು ದಿನ ಕ್ಯಾಸೆಟ್ ಹಾಕಿಕೊಂಡು, ಸದ್ದು ಹೆಚ್ಚು ಮಾಡಲು ರಿಮೋಟಿನ ಯಾವುದೋ ಗುಂಡಿ ಒತ್ತಿದೆ. ಪರದೆಯ ಕೆಳಗೆ ಕಪ್ಪು ಪಟ್ಟಿಯಲ್ಲಿ ಇಂಗ್ಲಿಷ್ ಅಕ್ಷರಗಳು ಹರಿಯತೊಡಗಿದವು. ಆಡುವ ಮಾತೆಲ್ಲ ಅಲ್ಲಿ ಬರುತ್ತಿತ್ತು.

ನನಗೆ ಕೇಳಿದರೆ ತಿಳಿಯುತ್ತಿರಲಿಲ್ಲ, ಓದಿದರೆ ಸ್ವಲ್ಪ ಸ್ವಲ್ಪ ತಿಳಿಯುತ್ತಿತ್ತು. ನಿಲ್ಲಿಸಿ ನಿಲ್ಲಿಸಿ ಓದಿದೆ. ಗೊತ್ತಿಲ್ಲದ ಪದಕ್ಕೆ ಮಗಳ ಡಿಕ್ಷನರಿ ತೆಗೆದೆ. ಹೀಗೆ ತಿಂಗಳುಗಟ್ಟಲೆ ಮಧ್ಯಾಹ್ನಗಳು ಹೋದವು. ಅದೇ ಕ್ಯಾಸೆಟ್ಟುಗಳನ್ನು ಮತ್ತೆ ಮತ್ತೆ ನೋಡಿದ್ದಕ್ಕೆ ಕೊನೆಗೆ ಪಟ್ಟಿ ಇಲ್ಲದೆಯೂ ಮಾತು ಕಿವಿಗೆ ಹತ್ತಿತು. ಮಕ್ಕಳು ಶಾಲೆಯಲ್ಲಿ ಇಂಗ್ಲಿಷ್ ಕಲಿಯುತ್ತಾರೆ, ನಾನು ಬೆಂಚಿನ ಮೇಲೆ ಕೂತು ಕಾಲೊತ್ತಿಕೊಳ್ಳುವ ಹುಡುಗಿಯರಿಂದ ಕಲಿತೆ.

ಕಲಿತ ಕೂಡಲೇ ತಿಳಿದದ್ದು, ನನ್ನ ಗಂಡ ಹೇಳಿದ್ದು ಒಂದೂ ನಿಜವಲ್ಲ ಎಂದು. ಸ್ಕೂಲಿಲ್ಲ, ಮೇಡಂ ಇಲ್ಲ. ಒಂದು ಸಿನಿಮಾದ ಕೊನೆಯಲ್ಲಿ ಹುಡುಗಿ ಬಾಗಿಲಲ್ಲಿ ನಿಂತು, ಬಿಟ್ಟುಹೋಗುತ್ತಿರುವ ಗಂಡಸಿಗೆ ಏನೋ ಹೇಳುತ್ತಾಳೆ. ಅದನ್ನು ಇವರು ಯಾವಾಗಲೂ "ಬೇಗ ಬಾ, ಊಟಕ್ಕೆ ಕಾಯ್ತಿರ್ತೀನಿ ಅಂತಾಳೆ" ಎಂದು ಹೇಳುತ್ತಿದ್ದರು. ಅವಳು ಹೇಳುವುದು, ನೀನು ತಿರುಗಿ ಬರುವುದೇನೂ ಬೇಡ, ನಾನು ಹೇಗೋ ಇರುತ್ತೇನೆ, ಎಂದು.

ಸಿಟ್ಟು ಬಂತು. ಆ ಸಂಜೆಯೇ ಹೇಳಿಬಿಡಬೇಕೆಂದಿದ್ದೆ. ಆದರೆ ಅವರು ಬಂದವರೇ ಶೂ ಬಿಚ್ಚಿ ಸೋಫಾದ ತುದಿಯಲ್ಲಿ ಕೂತು, ಎರಡು ಕೈಯಲ್ಲೂ ಪಾದ ಒತ್ತಿಕೊಂಡರು. ಥೇಟು ಬೆಂಚಿನ ಮೇಲಿನ ಆ ಹುಡುಗಿಯರ ಹಾಗೆ. ಆಗ ನನಗೆ ಇನ್ನೊಂದು ಹೊಳೆಯಿತು.

ಇವರನ್ನು ಅಮೆರಿಕಾಕ್ಕೆ ಕರೆತಂದ ಕಂಪನಿ ತಾನೇ ಕೆಲಸ ಕೊಡುತ್ತಿರಲಿಲ್ಲ. ಬೇರೆ ಕಂಪನಿಗಳಿಗೆ ಇವರನ್ನು ಬಾಡಿಗೆಗೆ ಕಳಿಸುತ್ತಿತ್ತು. ಬರುವ ಹಣದಲ್ಲಿ ಒಂದು ಪಾಲು ಅದಕ್ಕೆ, ಒಂದು ಪಾಲು ಇವರಿಗೆ. ಕೆಲಸ ಮುಗಿದರೆ ಇನ್ನೊಬ್ಬರು ಕರೆಯುವ ತನಕ ಸುಮ್ಮನೆ ಕೂರಬೇಕು. ಅದನ್ನು ಅವರ ಕಡೆಯವರು 'ಬೆಂಚ್' ಎನ್ನುತ್ತಿದ್ದರು. ನನಗೆ ಮಾತ್ರ ಇವರು, "ಅಟ್ಲಾಂಟಾದವರು ಬಿಡ್ತಾನೇ ಇರ್ಲಿಲ್ಲ ಕಣೇ, ಕ್ಯಾರಿಯವರು ಹಟ ಹಿಡಿದು ಕರೆಸ್ಕೊಂಡ್ರು" ಎಂದಿದ್ದರು. ನಡುವೆ ವಾರಗಟ್ಟಲೆ ಮನೆಯಲ್ಲಿದ್ದಾಗ, "ಕಂಪನಿಯವರೇ ರೆಸ್ಟ್ ತಗೊಳ್ಳಿ ಅಂದಿದ್ದಾರೆ" ಎಂದಿದ್ದರು. ಡ್ಯಾನ್ಸ್ ಹಾಲನ್ನು ಶಾಲೆ ಮಾಡಿದ ಮನುಷ್ಯ ತಮ್ಮ ಬದುಕನ್ನೂ ನನಗೆ ಅದೇ ರೀತಿ ಅನುವಾದ ಮಾಡಿ ಹೇಳುತ್ತ ಬಂದಿದ್ದರು.

ಹಾಗಾಗಿ ಹೇಳಲಿಲ್ಲ. ಮುಂದಿನ ಶನಿವಾರವೂ ಪಕ್ಕದಲ್ಲಿ ಕೂತು, ಮೇಡಂ ಏನಂದಳು ಎಂದು ಕೇಳಿದೆ. ಅವರು ಹುರುಪಿನಿಂದ ಸುಳ್ಳು ಹೇಳಿದರು. ನಿಜ ಹೇಳಬೇಕೆಂದರೆ ಅವರ ಕಥೆ ಸಿನಿಮಾದ ಕಥೆಗಿಂತ ಚೆನ್ನಾಗಿತ್ತು. ಆ ಸಿನಿಮಾಗಳ ಹುಡುಗಿಯರೋ, ಒಳ್ಳೆಯವನು ಬಾಗಿಲಲ್ಲಿ ಹ್ಯಾಟು ಹಿಡಿದು ಕಾಯುತ್ತಿದ್ದರೂ ಕೆಲಸಕ್ಕೆ ಬಾರದವನನ್ನೇ ಹುಡುಕಿ ಮದುವೆಯಾಗುವವರು. ನೋಡಿ ನೋಡಿ ನನಗೆ ರೋಸಿಹೋಗಿತ್ತು. ಇವರ ಮೇಡಂಗಳಿಗೆ ಅಷ್ಟು ಕಡಿಮೆ ಬುದ್ಧಿ ಇರಲಿಲ್ಲ.

ಕ್ಯಾರಿಯಿಂದ ರಾಕ್‌ವಿಲ್‌ಗೆ ಬಂದೆವು. ಅಲ್ಲಿ ಅವರಿಗೆ ಹೊಟ್ಟೆಯ ಕಾಯಿಲೆ ಬಂತು. ಅದರ ವಿವರ ಬರೆಯುವುದಿಲ್ಲ. ಔಷಧಿ, ಆಸ್ಪತ್ರೆ, ಮತ್ತೆ ಔಷಧಿ. ಪ್ರತಿ ಸಲವೂ ಜೊತೆಗೆ ಹೋಗುತ್ತಿದ್ದೆ. ನೆರೆಗೂದಲಿನ ಡಾಕ್ಟರಮ್ಮ ಇಂಗ್ಲಿಷಿನಲ್ಲಿ ಹೇಳುವರು, ಇವರು ನನ್ನ ಕಡೆ ತಿರುಗಿ ಕನ್ನಡದಲ್ಲಿ ಹೇಳುವರು. ಮೊದಮೊದಲು ಎರಡೂ ಹೆಚ್ಚುಕಡಿಮೆ ಒಂದೇ ಇರುತ್ತಿತ್ತು.

ಒಂದು ಬೆಳಿಗ್ಗೆ ಆಕೆ ಕುರ್ಚಿ ಹತ್ತಿರಕ್ಕೆ ಎಳೆದುಕೊಂಡು ಕೂತರು. ಈ ಔಷಧಿ ಇನ್ನು ಕೆಲಸ ಮಾಡುತ್ತಿಲ್ಲ ಎಂದರು. ಬೇರೆ ಔಷಧಿ ಕೊಟ್ಟು ಪ್ರಯೋಜನವಿಲ್ಲ, ನೋವಿಲ್ಲದ ಹಾಗೆ ನೋಡಿಕೊಳ್ಳಬಹುದು, ಬರಬೇಕಾದವರಿದ್ದರೆ ಬೇಗ ಕರೆಸಿಕೊಳ್ಳಿ ಎಂದರು. ನನಗೆ ಒಂದು ಪದವೂ ತಪ್ಪಲಿಲ್ಲ. ಆಮೇಲೆ ನನ್ನತ್ತ ನೋಡಿ, ನಿಮ್ಮ ಹೆಂಡತಿಗೆ ಅರ್ಥವಾಯಿತೇ ಎಂದು ಕೇಳಿದರು.

"ಐ ಟೆಲ್ ಹರ್ ಎವ್ರಿಥಿಂಗ್, ಡಾಕ್ಟರ್" ಎಂದರು ನನ್ನ ಗಂಡ.

ತಿರುಗಿ ನನಗೆ ಹೇಳಿದರು: "ಔಷಧಿ ಬದಲಾಯಿಸ್ತಾರಂತೆ. ಸ್ವಲ್ಪ ಟೈಮ್ ಹಿಡಿಯತ್ತಂತೆ. ಗಾಬರಿ ಏನಿಲ್ಲ ಅಂತಾರೆ."

ದನಿ ಅದೇ. ನೃತ್ಯಶಾಲೆಯ ದನಿ. ಫೀಸ್ ಕಟ್ಟದ ಶಿಷ್ಯನ ಕಥೆ ಹೇಳುವಾಗ ಮೂಗಿನಿಂದ ಸ್ವಲ್ಪ ಎಳೆದು ಮಾತಾಡುವರಲ್ಲ, ಅದೇ. ನಾನು "ಹೂಂ" ಎಂದೆ. ಡಾಕ್ಟರಮ್ಮ ನನ್ನನ್ನೇ ನೋಡುತ್ತಿದ್ದರು. ಅವರಿಗೆ ಕನ್ನಡ ಬರುತ್ತಿರಲಿಲ್ಲ, ಆದರೆ ಆ ಸುದ್ದಿಗೆ ಯಾವ ಹೆಂಗಸೂ ಬರೀ ಹೂಂ ಎನ್ನುವುದಿಲ್ಲ ಎಂದು ಗೊತ್ತಿದ್ದಿರಬೇಕು.

ಆಮೇಲಿನ ದಿನಗಳನ್ನು ನೆನೆದರೆ ಈಗಲೂ ಮೈ ಉರಿಯುತ್ತದೆ. ಅವರೇ ಹೇಳಲಿ ಎಂದು ನಾನು, ಇವಳಿಗೆ ತಿಳಿಯದಿರಲಿ ಎಂದು ಅವರು. ಬರುವ ವರ್ಷ ಮೈಸೂರಿಗೆ ಹೋಗೋಣ ಎನ್ನುವರು. ಮನೆ ಕೊಂಡರೆ ಹಿತ್ತಲಿಗೆ ಕರಿಬೇವು ಹಾಕೋಣ, ಚಳಿಗಾಲದಲ್ಲಿ ಒಳಗಿಡೋಣ ಎನ್ನುವರು. ನಾನು ಎಲ್ಲದಕ್ಕೂ ಹೂಂ. ಒಳಗೆ ಒಂದೇ ಯೋಚನೆ: ಅವರಮ್ಮನಿಗೆ ಯಾರು ಹೇಳುವುದು? ವೀಸಾ, ಟಿಕೆಟ್ಟು ಎಂದು ಆಕೆ ಬರುವಷ್ಟರಲ್ಲಿ ಏನಾಗಿರುತ್ತದೋ. ಇವರನ್ನು ಕೇಳದೆ ಕರೆಸಿದರೆ ನನಗೆ ಗೊತ್ತೆಂದು ಇವರಿಗೆ ತಿಳಿಯುತ್ತದೆ. ಕರೆಸದಿದ್ದರೆ ಒಬ್ಬ ತಾಯಿ ಮಗನ ಮುಖ ನೋಡದೆ ಉಳಿಯುತ್ತಾಳೆ. ಫೋನಿನ ಹತ್ತಿರ ಹೋಗುವುದು, ವಾಪಸ್ ಬರುವುದು. ಪ್ರತಿ ದಿನವೂ ಇದೇ. ಸಾಯುವ ಮನುಷ್ಯನ ಮೇಲೆ ನನಗೆ ದುಃಖಕ್ಕಿಂತ ಹೆಚ್ಚಾಗಿ ಸಿಟ್ಟೇ ಬರುತ್ತಿತ್ತು. ಸುಳ್ಳು ಹೇಳಲು ಶಕ್ತಿ ಇದೆ, ಎರಡು ಗುಟುಕು ಗಂಜಿ ಕುಡಿಯಲು ಇಲ್ಲ.

ಒಂದು ಭಾನುವಾರ ಮಧ್ಯಾಹ್ನ ಸೋಫಾದ ಮೇಲೆ ಮಲಗಿದ್ದವರು, "ಒಂದು ಕ್ಯಾಸೆಟ್ ಹಾಕೇ" ಎಂದರು. ಹಾಕಿದೆ. ಬಾಗಿಲಲ್ಲಿ ನಿಲ್ಲುವ ಹುಡುಗಿಯದೇ ಬಂತು. ಕಥೆ ಹೇಳಲು ಶುರು ಮಾಡಿದರು, ಆದರೆ ಬೇಗ ದಣಿದರು. ಮೇಡಂ, ಶಿಷ್ಯ ಎಂದು ಸ್ವಲ್ಪ ಹೊತ್ತು ಗೊಣಗಿ ಕಣ್ಣು ಮುಚ್ಚಿದರು. ನಿದ್ದೆ ಬಂತೇನೋ ಎಂದು ಸದ್ದು ಕಡಿಮೆ ಮಾಡಿದೆ. ಹುಡುಗಿ ಬಾಗಿಲಿಗೆ ಬಂದಳು, ಮಾತಾಡಿದಳು.

"ಏನಂದ್ಲು?" ಎಂದರು, ಕಣ್ಣು ತೆರೆಯದೆ.

ಅವರು ನನ್ನನ್ನು ಹಾಗೆ ಕೇಳಿದ್ದು ಅದೇ ಮೊದಲು. ನಾನು ಯೋಚಿಸಲೂ ಇಲ್ಲ.

"ಬೇಗ ಬಾ, ಊಟಕ್ಕೆ ಕಾಯ್ತಿರ್ತೀನಿ ಅಂದ್ಲು."

ಅವರ ಹೊಟ್ಟೆ ಅಲುಗಾಡತೊಡಗಿತು. ನಗುತ್ತಿದ್ದರು.

"ಹಾಗನ್ನಲಿಲ್ಲ ಕಣೇ ಅವಳು."

"ಗೊತ್ತು."

ಕಣ್ಣು ತೆರೆದರು. "ಯಾವಾಗಿಂದ?"

"ಕ್ಯಾರಿಯಿಂದ."

"ಅಯ್ಯೋ ನಿನ್ನ! ಇಷ್ಟು ವರ್ಷ ಗಂಟಲು ಹರ್ಕೊಂಡೆನಲ್ಲೇ! ಒಂದು ಮಾತು ಹೇಳಬಾರದಾಗಿತ್ತಾ?"

"ನೀವು ಹೇಳೋದು ಚೆನ್ನಾಗಿತ್ತು."

ಸಿನಿಮಾ ಮುಗಿದು ಪರದೆಯ ಮೇಲೆ ಬರೀ ಮಳೆಯ ಹಾಗೆ ಚುಕ್ಕಿಗಳು. ಅದರತ್ತಲೇ ನೋಡುತ್ತ ಕೇಳಿದರು: "ಹಾಗಾದ್ರೆ ಡಾಕ್ಟರ್ ಹೇಳಿದ್ದು?"

"ಅದೂ ಗೊತ್ತು."

ಎದ್ದು ಹೋಗಿ ಟಿವಿ ಆರಿಸಿದೆ. ಆಮೇಲೆ ನಾನೇ ಹೇಳಿದೆ, "ರೀ, ಅಮ್ಮನ್ನ ಕರೆಸೋಣ."

"ಹೂಂ" ಎಂದರು. ಆ ಮನೆಯಲ್ಲಿ ಹೂಂ ಎನ್ನುವ ಕೆಲಸ ಅಲ್ಲಿಯವರೆಗೆ ನನ್ನದಾಗಿತ್ತು.

ಅತ್ತೆ ಸಮಯಕ್ಕೆ ಬಂದರು. ಮಗನ ತಲೆ ತೊಡೆಯ ಮೇಲಿಟ್ಟುಕೊಂಡು ಕೂರಲು ಅವರಿಗೆ ದಿನಗಳು ಸಿಕ್ಕವು. ಒಂದು ಮಧ್ಯಾಹ್ನ ಇವರು, "ಅಮ್ಮ, ಒಂದು ತಪ್ಪೊಪ್ಕೋಬೇಕು. ಅದು ಡ್ಯಾನ್ಸ್ ಸ್ಕೂಲಲ್ಲ" ಎಂದರು.

ಅತ್ತೆ ಅವರ ಹಣೆ ಸವರುತ್ತಲೇ, "ಗೊತ್ತಿಲ್ವೇನೋ ನಂಗೆ? ಯಾವ ಸ್ಕೂಲಲ್ಲೋ ಮೇಷ್ಟ್ರುಗಳು ಬೆಂಚಿನ ಮೇಲೆ ಕೂತ್ಕೊಂಡು ಮಕ್ಕಳಿಗೆ ಕಾಯ್ತಾರೆ?" ಎಂದರು.

ಅವರು ನಕ್ಕರು. ನೋವಾಗುತ್ತದೆ ನಗಿಸಬೇಡಿ ಎಂದು ನಾನು ಇಬ್ಬರನ್ನೂ ಬೈದೆ. ಉಳಿದ ದಿನಗಳಲ್ಲಿ ಅವರು ನನಗೆ ಯಾವುದನ್ನೂ ಬದಲಾಯಿಸಿ ಹೇಳಲಿಲ್ಲ. ನೋವಾದರೆ ನೋವು ಎಂದರು, ಭಯವಾದರೆ ಭಯ ಎಂದರು. ಮದುವೆಯಾದಾಗಿನಿಂದ ನಾವಿಬ್ಬರೂ ಅಷ್ಟು ಮಾತಾಡಿರಲಿಲ್ಲ. ಅಷ್ಟು ಕಡಿಮೆ ದಿನ ಉಳಿಸಿಕೊಂಡು ಅದನ್ನು ಶುರು ಮಾಡಿದೆವಲ್ಲ ಎಂಬುದೇ ನನಗೆ ಇಂದಿಗೂ ಆರದ ಸಿಟ್ಟು.

ಮಗಳಿಗೆ ಇದನ್ನೆಲ್ಲ ನಾನು ಹೇಳಿರಲಿಲ್ಲ. ಆ ಶನಿವಾರವೂ ಹೇಳಲಿಲ್ಲ. "ಎಸೀಬೇಡ, ಒಂದ್ಸಲ ಹಾಕು" ಎಂದೆ ಅಷ್ಟೆ. ಪೆಟ್ಟಿಗೆಯ ತಳದಲ್ಲಿ ವಿಸಿಆರ್ ಇತ್ತು. ಎಲ್ಲಿಂದಲೋ ಮೂರು ಬಣ್ಣದ ವೈರು ಹುಡುಕಿ ತಂದು ಬೇಸ್‌ಮೆಂಟಿನ ಹಳೆಯ ಟಿವಿಗೆ ಸಿಕ್ಕಿಸಿದಳು. ಇಬ್ಬರೂ ಸುತ್ತಿಟ್ಟ ಹಳೆಯ ಕಾರ್ಪೆಟ್ಟಿನ ಮೇಲೆ ಕೂತೆವು. ಚರಪರ ಸದ್ದು ಬಂತು. ಬೆಂಚು ಬಂತು, ಹುಡುಗಿಯರು ಬಂದರು.

ಅಮೆರಿಕಾದಲ್ಲೇ ಹುಟ್ಟಿ ಬೆಳೆದ ನನ್ನ ಮಗಳು ಕಿವಿಗೊಟ್ಟು ಮುಂದೆ ಬಾಗಿದಳು. "ಓ ಮೈ ಗಾಡ್, ಎಷ್ಟು ಫಾಸ್ಟ್ ಮಾತಾಡ್ತಾರೆ! ಐ ಕಾಂಟ್ ಗೆಟ್ ಎ ವರ್ಡ್. ನಿಂಗೆ ಗೊತ್ತಾಗತ್ತಾ ಅಮ್ಮ?"

"ಗೊತ್ತಾಗತ್ತೆ."

"ಸೋ, ಏನು ಸ್ಟೋರಿ?"

"ಒಂದು ಡ್ಯಾನ್ಸ್ ಸ್ಕೂಲು ಕಣೆ" ಎಂದೆ. "ಇವರೆಲ್ಲ ಮೇಡಂಗಳು."

ಹೇಳುತ್ತ ಹೋದೆ. ಶಿಷ್ಯರು, ಫೀಸು, ಚಿಕ್ಕ ಪೀರಿಯಡ್ಡು, ಎಲ್ಲ ನಾಲಿಗೆಯ ಮೇಲೆ ತಾನೇ ಬಂತು. ಮುತ್ತು ಕೊಡುವಾಗ ಟಿವಿಗೆ ಅಡ್ಡ ನಿಲ್ಲಲು ಯಾರೂ ಇರಲಿಲ್ಲ, ಅದೊಂದು ಕೊರತೆ. ಹುಡುಗಿ ಬಾಗಿಲಿಗೆ ಬಂದಳು. ಅಲ್ಲಿ ಸಂಗೀತ ನಿಲ್ಲುತ್ತದೆ, ಮಾತು ನಿಧಾನವಾಗುತ್ತದೆ.

"ಬೇಗ ಬಾ, ಊಟಕ್ಕೆ ಕಾಯ್ತಿರ್ತೀನಿ ಅಂತಾಳೆ."

ಮಗಳು ನನ್ನತ್ತ ತಿರುಗಿದಳು. ಅಪ್ಪನದೇ ಹುಬ್ಬು. "ಅಮ್ಮ, ಅದು ನಂಗೆ ಕೇಳಿಸ್ತು. ಶಿ ಡಿಡಂಟ್ ಸೇ ದಟ್."

"ನಮ್ಮನೇಲಿ ಅವಳು ಹಾಗೇ ಹೇಳೋದು. ಸುಮ್ನೆ ನೋಡು" ಎಂದು ಗದರಿದೆ.